ಮಾಂತು ಹಚ್ಚಿದ ಗಿಡಗಳು

ನ್ಯೂಜಿಲೆಂಡ್
೩ ಮಾರ್ಚ್ ೨೦೨೪

ಮಾವನವರಿಗೆ ಶರಣು,

ಮೂರು ವರ್ಷದಲ್ಲಿ ನಿಮಗೆ ನಾನು ನೇರವಾಗಿ ಬರೆಯುತ್ತಿರುವ ಮೊದಲ ಕಾಗದ ಇದು. ಇಲ್ಲಿಯವರೆಗೆ ಎಲ್ಲವನ್ನೂ ಮಾಧುರಿಗೆ ಹೇಳಿ ಮುಗಿಸುತ್ತಿದ್ದೆ. ನಿಮ್ಮ ಮಗಳು ಜಾಣೆ, ಯಾವುದನ್ನು ನಿಮಗೆ ದಾಟಿಸಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂದು ಅವಳಿಗೆ ಗೊತ್ತು. ಆದರೆ ಈ ಸಲದ್ದು ಅವಳ ಮೇಲೆ ಹೊರಿಸುವಂಥದ್ದಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಲವತ್ತೈದು ವರ್ಷದ ಗರಗಸ ನಿಮ್ಮ ಕಿವಿಯನ್ನು ತಿಂದುಹಾಕಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಾಧುರಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಡುತ್ತಾಳೆ.

ನಮ್ಮ ಮದುವೆಯಾದ ವರ್ಷ ನೀವೂ ಮಾಂತೂ ಸೇರಿ ಈ ಪೈನ್ ಕಾಡು ಕೊಂಡಿರಿ. ಅರ್ಧ ಜಾಗದಲ್ಲಿ ಹಿಂದಿನವರು ಬೆಳೆಸಿದ ಮರಗಳಿದ್ದವು. ಇನ್ನರ್ಧ, ನಲವತ್ತು ಎಕರೆ, ಕಡಿದು ಬೋಳಾಗಿತ್ತು. ಆ ಬೋಳು ಗುಡ್ಡಕ್ಕೆ ೨೦೧೭ರ ಜುಲೈನಲ್ಲಿ ಮಾಂತು ಆರು ಜನ ಕೆಲಸಗಾರರ ಜೊತೆ ತಾವೂ ಸನಿಕೆ ಹಿಡಿದು ಸಸಿ ಹಚ್ಚಿದರು. ಎಕರೆಗೆ ನಾನೂರರಂತೆ. ಈಗ ಅವು ಮೂವತ್ತಾರು ಅಡಿ ಎತ್ತರ ಆಗಿವೆ. ಒಳಗೆ ಹೋದರೆ ಆಕಾಶ ಕಾಣುವುದಿಲ್ಲ.

ಇನ್ನು ಅವುಗಳ ಸಂದು ಬಿಡಿಸಬೇಕು. ಇಲ್ಲಿ ಅದಕ್ಕೆ ತಿನ್ನಿಂಗ್ ಎನ್ನುತ್ತಾರೆ. ಎಕರೆಗೆ ಒಳ್ಳೆಯ ನೂರೈವತ್ತು ಗಿಡ ಆರಿಸಿ, ಮಿಕ್ಕದ್ದನ್ನು ಕಡಿದು ಅಲ್ಲೇ ಬಿಡುತ್ತಾರೆ. ಎಳೆ ಮರ, ಮಾರಾಟಕ್ಕೆ ಬರುವುದಿಲ್ಲ. ಉಳಿದವು ಮಾತ್ರ ಇಪ್ಪತ್ತೆಂಟು ವರ್ಷಕ್ಕೆ ನಿಮಗೆ ಬೇಕಾದಂಥ ದಿಮ್ಮಿ ಆಗುತ್ತವೆ. ಇದನ್ನು ನಲವತ್ತು ಅಡಿ ದಾಟುವುದರೊಳಗೆ, ಅಂದರೆ ಈ ಜೂನ್-ಜುಲೈ ಚಳಿಗಾಲದಲ್ಲೇ ಮಾಡಬೇಕು. ನಮ್ಮದು ಗಾಳಿಯ ಗುಡ್ಡ. ಈಗ ಅವು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ತಡಮಾಡಿ ಸಂದು ಬಿಡಿಸಿದರೆ ಉದ್ದಕ್ಕೆ ಸಪೂರವಾಗಿ ಬೆಳೆದ ಮರ ಒಂಟಿಯಾಗಿ ನಿಲ್ಲಲಾರದೆ ಮೊದಲ ಬಿರುಗಾಳಿಗೇ ಬೀಳುತ್ತದೆ.

ಯಾವ ಕಡಿತಕ್ಕೂ ಇಬ್ಬರ ಸಹಿ ಬೇಕೆಂದು ಕರಾರಿನಲ್ಲಿ ಬರೆಸಿದವರು ನೀವೇ. ಮಾಂತುವಿನ ಜಾಗದಲ್ಲಿ ನಾನು ಸಹಿ ಮಾಡಿದ್ದೇನೆ. ನಿಮ್ಮದಕ್ಕೆ ಕಾಗದ ಕಳಿಸಿದ್ದೇನೆ.

ಅತ್ತೆಯವರ ಮೊಣಕಾಲು ಹೇಗಿದೆ?

ನಿಮ್ಮ ಸೊಸೆ
ರೇಣು


ಬಿಬವೇವಾಡಿ, ಪುಣೆ
೨೪ ಮಾರ್ಚ್ ೨೦೨೪

ರೇಣೂಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಕಿವಿ ಹೋಗಿದೆ, ಕಣ್ಣು ಇನ್ನೂ ಇದೆ. ಮಾಧುರಿ ಅದನ್ನು ಗಣಪತಿ ಮಂಡಳದ ಬ್ಯಾನರಿನಷ್ಟು ದೊಡ್ಡದು ಮಾಡಿ ತಂದಳು, ಪಕ್ಕದ ಮನೆಯವರೂ ಕಿಟಕಿಯಿಂದ ಓದಿರಬೇಕು.

ಸಹಿ ಮಾಡುವುದಿಲ್ಲ.

ನಮ್ಮ ಹಡಪಸರದ ಮಿಲ್ಲು ನೀನು ನೋಡಿದ್ದೀಯ. ಕಾರ್ಖಾನೆಗಳಿಗೆ ಪ್ಯಾಕಿಂಗ್ ಪೆಟ್ಟಿಗೆ ಮಾಡುವವರು ನಾವು. ದಿಮ್ಮಿ ಕೊಯ್ದು ಹಲಗೆ, ಹಲಗೆಯಿಂದ ಉಳಿದದ್ದರಲ್ಲಿ ಪೆಟ್ಟಿಗೆಯ ಕಾಲು, ಕಾಲಿನಿಂದ ಉಳಿದದ್ದರಲ್ಲಿ ಬೆಣೆ. ಹೊಟ್ಟು ಕೂಡ ದೌಂಡದ ಕೋಳಿ ಫಾರ್ಮಿಗೆ ಹೋಗುತ್ತದೆ. ಒಂದು ಚೂರು ನೆಲದ ಮೇಲೆ ಬಿದ್ದಿದ್ದರೆ ನನಗೆ ಊಟ ಸೇರುವುದಿಲ್ಲ. ಅಂಥವನ ಮುಂದೆ ಹತ್ತು ಸಾವಿರ ಮರ ಕಡಿದು ಅಲ್ಲೇ ಕೊಳೆಯಲು ಬಿಡೋಣ ಎನ್ನುತ್ತೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು.

ಈ ಮಾತು ನನಗೆ ಹೊಸದೂ ಅಲ್ಲ. ೨೦೨೦ರ ಜನವರಿಯಲ್ಲಿ ಮಾಂತು ಬಂದಾಗ ಮಿಲ್ಲಿನಲ್ಲಿ ನಿಂತು ಹೇಳಿದ. ಮಿಶನ್ನು ಬಂದ್ ಮಾಡಿಸಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದ.

"ಅಪ್ಪಾ, ಏಳು ವರ್ಷಕ್ಕ ಅರ್ಧಕ್ಕಿಂತ ಜಾಸ್ತಿ ಕಡೀಬೇಕಾಗ್ತದ."

"ಕಡ್ಯಾಕಂತನ ಹಚ್ಚೀಯೇನಲೇ?" ಎಂದೆ.

ಅವನು ನಕ್ಕ. "ನೀ ಸತ್ತ ಮರಾ ಅಷ್ಟ ನೋಡೀದಿ ಅಪ್ಪಾ. ಜೀವಂತ ಮರಾ ನಿನಗ ಗೊತ್ತಿಲ್ಲ."

ಹಣಮಂತ್ರಾಯನ ಮುಂದೆ ಹಾಗೆಂದ. ಹಣಮಂತ್ರಾಯ ನನ್ನ ಗರಗಸದ ಮೇಲೆ ಮೂವತ್ತು ವರ್ಷದಿಂದ ಕೆಲಸ ಮಾಡುವವನು, ಅವನ ಮುಂದೆ. ನನಗೆ ಸಿಟ್ಟು ಬಂತು. ಮರುದಿನ ಅವನು ವಿಮಾನಕ್ಕೆಂದು ಮುಂಬೈಗೆ ಹೊರಟಾಗ ನಾನು ಮೆಟ್ಟಿಲಿಳಿದು ಕೆಳಗೆ ಹೋಗಲಿಲ್ಲ. ಮೇಲಿಂದ ಟ್ಯಾಕ್ಸಿ ನೋಡಿದೆ. ಆಮೇಲೆ ಕರೋನಾ ಬಂತು. ಆಮೇಲೆ ಅವನ ನಾಲ್ಕು ಗಾಲಿಯ ಬೈಕು ಆ ಗುಡ್ಡದ ಇಳಿಜಾರಿನಲ್ಲಿ ಮಗುಚಿತು.

ಅವನ ಕೈ ಮುಟ್ಟಿದ ಗಿಡ ಒಂದನ್ನೂ ಮಲಗಿಸಬೇಡ. ನಿಂತಿರಲಿ.

ನಿನ್ನ ಅತ್ತೆ ಚನ್ನಬಸವ್ವ ನನ್ನ ಹೆಗಲ ಹಿಂದೆ ನಿಂತಿದ್ದಾಳೆ. "ಆಕಿ ಅಲ್ಲಿ ಒಬ್ಬಾಕಿ ಕುಂತು ಏನ್ ಮಾಡ್ತಾಳ್ರಿ? ಬಾ ಅಂತ ಬರೀರಿ" ಎಂದು ಕೈಸನ್ನೆ ಮಾಡಿ ಹೇಳುತ್ತಿದ್ದಾಳೆ. ಬರೆದಿದ್ದೇನೆ. ಮೊಣಕಾಲು ಹಾಗೇ ಇದೆ.

ಮುರುಗೆಪ್ಪ


ನ್ಯೂಜಿಲೆಂಡ್
೧೨ ಮೇ ೨೦೨೪

ಮಾವನವರಿಗೆ,

ಮಾಂತು ಹೋಗಿ ನಾಳೆಗೆ ಮೂರು ವರ್ಷ. ನೀವು ಮನೆಯಲ್ಲಿ ಜಂಗಮರನ್ನು ಕರೆದಿದ್ದೀರೆಂದು ಮಾಧುರಿ ಹೇಳಿದಳು. ನಾನಿಲ್ಲಿ ಹುಗ್ಗಿ ಮಾಡುತ್ತೇನೆ. ಸರಿಯಾದ ಗೋಧಿ ಸಿಗುವುದಿಲ್ಲ, ಇದ್ದದ್ದರಲ್ಲಿ ಮಾಡುತ್ತೇನೆ.

ಇದೊಂದು ಸಲ ಕೇಳಿಬಿಡಿ. ಮಾಂತುವಿನ ಡೈರಿಯಲ್ಲಿ ಅವರದೇ ಕೈಯಲ್ಲಿ ಬರೆದಿದೆ, "ತಿನ್ನಿಂಗ್, ಜೂನ್ ೨೦೨೪, ತಡ ಮಾಡಬಾರದು." ಕೊನೆಯ ಎರಡು ಶಬ್ದದ ಕೆಳಗೆ ಗೆರೆ ಎಳೆದಿದ್ದಾರೆ. ಆ ಪುಟದ ಫೋಟೊ ಕಳಿಸಿದ್ದೇನೆ. ಮರಗಳು ಮೂವತ್ತೆಂಟು ಅಡಿಗೆ ಬಂದಿವೆ. ಕೆಲಸದವರಿಗೆ ಜೂನ್ ಹತ್ತಕ್ಕೆ ಬರಲು ಹೇಳಿಟ್ಟಿದ್ದೇನೆ. ಅವರು ಬಿಟ್ಟು ಹೋದರೆ ಮತ್ತೆ ಮುಂದಿನ ವರ್ಷವೇ ಸಿಗುವುದು.

ನಾನು ವಾಪಸು ಬರುವುದಿಲ್ಲ, ಮಾವ. ಇವನ್ನು ಬಿಟ್ಟು ಹೇಗೆ ಬರಲಿ? ವಾರದಲ್ಲಿ ನಾಲ್ಕು ದಿನ ಸಸಿ ನರ್ಸರಿಯಲ್ಲಿ ಕೆಲಸ ಮಾಡುತ್ತೇನೆ, ಮೂರು ದಿನ ಇಲ್ಲಿ ನಡೆಯುತ್ತೇನೆ. ಅತ್ತೆಯವರಿಗೆ ನೋವಾಗದ ಹಾಗೆ ಹೇಳಿ.

ರೇಣು


ಬಿಬವೇವಾಡಿ
೨ ಜೂನ್ ೨೦೨೪

ರೇಣು,

ಡೈರಿಯ ಪುಟ ನೋಡಿದೆ. ಅವನ ಅಕ್ಷರ ಕಂಡು ಚನ್ನಬಸವ್ವ ಎರಡು ದಿನ ಊಟ ಮಾಡಲಿಲ್ಲ. ಇಂಥದ್ದು ಕಳಿಸುವ ಮೊದಲು ಯೋಚನೆ ಮಾಡಬೇಕು.

ನಿನಗೆ ಒಂದು ಮಾತು ಹೇಳದೆ ಮೂರು ವರ್ಷ ಇಟ್ಟುಕೊಂಡಿದ್ದೆ. ಈಗ ಹೇಳುತ್ತೇನೆ. ಅವತ್ತು ಮಾಧುರಿಯ ಫೋನಿನಲ್ಲಿ ನಾನು ನನ್ನ ಮಗನ ಮಣ್ಣು ನೋಡಿದೆ. ನನಗೆ ಒಂದು ಶಬ್ದವೂ ಕೇಳಿಸಲಿಲ್ಲ, ಕಂಡದ್ದು ಮಾತ್ರ. ಉದ್ದನೆಯ ಪೆಟ್ಟಿಗೆ ಕಂಡಿತು. ನಮ್ಮಲ್ಲಿ ಹಾಗೆ ಮಾಡುವುದಿಲ್ಲ ಎಂದು ನಿನಗೆ ಗೊತ್ತಿರಲಿಲ್ಲವೇ? ನಮ್ಮಪ್ಪನನ್ನು, ಅವರಪ್ಪನನ್ನು, ಎಲ್ಲರನ್ನೂ ಕುಣಿಯಲ್ಲಿ ಗೂಡು ತೆಗೆದು ಕೂಡಿಸಿ ಮಣ್ಣು ಕೊಟ್ಟಿದ್ದೇವೆ. ಲಿಂಗವಂತನು ಕೂತು ಹೋಗುತ್ತಾನೆ. ನೀನು ನನ್ನ ಮಗನನ್ನು ಮಲಗಿಸಿದೆ. ಪರದೇಶದವರ ಹಾಗೆ ಮಲಗಿಸಿ ಮುಚ್ಚಿದೆ.

ಈಗ ಅವನ ಗಿಡಗಳನ್ನೂ ಮಲಗಿಸುತ್ತೇನೆ ಎನ್ನುತ್ತೀಯ. ಅವಾದರೂ ನಿಂತಿರಲಿ. ಕೆಲಸದವರಿಗೆ ಬರಬೇಡಿರೆಂದು ಹೇಳು.

ಮುರುಗೆಪ್ಪ


ನ್ಯೂಜಿಲೆಂಡ್
೧೯ ಜನವರಿ ೨೦೨೫

ಮಾವನವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ನನಗೆ ಏಳು ತಿಂಗಳು ಬೇಕಾಯಿತು. ಸಿಟ್ಟಿನಲ್ಲಿ ಬರೆದ ನಾಲ್ಕು ಹರಿದುಹಾಕಿದೆ. ಇದು ಐದನೆಯದು.

ನಾನು ಕೇಳಿದ್ದೆ, ಮಾವ. ಮಣ್ಣು ಮಾಡುವ ಕೆಲಸ ವಹಿಸಿಕೊಂಡವನಿಗೆ ನಮ್ಮ ಪದ್ಧತಿ ಹೇಳಿದೆ. ಅವನಿಗೆ ತಿಳಿಯಲಿಲ್ಲವೆಂದು ಹಾಳೆಯ ಮೇಲೆ ಕುಣಿ, ಗೂಡು, ಕೂತ ಮನುಷ್ಯ ಎಲ್ಲ ಬರೆದು ತೋರಿಸಿದೆ. ಒಳ್ಳೆಯವನು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಎರಡು ಕಡೆ ಫೋನ್ ಮಾಡಿದ. ಆ ಸ್ಮಶಾನದಲ್ಲಿ ಪೆಟ್ಟಿಗೆ ಇಲ್ಲದೆ ಆಗುವುದಿಲ್ಲ, ಕೂಡಿಸಲು ಆಗುವುದಿಲ್ಲ ಎಂದರು. ನಮ್ಮ ಜಾಗದಲ್ಲೇ ಮಾಡುತ್ತೇನೆಂದೆ, ಅದಕ್ಕೂ ಇಲ್ಲವೆಂದರು. ಹೀಗೆ ನಾಲ್ಕು ದಿನ ಕಳೆಯಿತು. ಆ ನಾಲ್ಕೂ ದಿನ ಅವರು ತಣ್ಣನೆಯ ಪೆಟ್ಟಿಗೆಯಲ್ಲಿದ್ದರು. ಐದನೆಯ ದಿನ ನಾನೇ ಸಾಕು ಎಂದೆ. ಹತ್ತಿರದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ.

ಫೋನಿನಲ್ಲಿ ನಿಮಗೆ ಕಾಣದ್ದನ್ನು ಹೇಳುತ್ತೇನೆ. ಮೈ ತೊಳೆದವಳು ನಾನು. ಹಣೆಗೆ, ತೋಳಿಗೆ ವಿಭೂತಿ ಹಚ್ಚಿದವಳು ನಾನು. ಕೊರಳಲ್ಲಿದ್ದ ಲಿಂಗ ಬಿಚ್ಚಿ ಎಡಗೈಯಲ್ಲಿ ಇಟ್ಟೆ. ಬೆರಳು ಮಡಚಲಿಲ್ಲ. ಅವು ಬೆಚ್ಚಗಾಗಿ ಮಡಚುವವರೆಗೆ ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆ ಪೆಟ್ಟಿಗೆಯೂ ಪೈನ್‌ನದೇ. ಗಂಟಿಲ್ಲದ ಹಲಗೆ ಇರಲಿ ಎಂದು ಆರಿಸಿದೆ. ಗಂಟಿನ ಹಲಗೆ ಕಂಡರೆ ಅವರಿಗೂ ನಿಮಗೂ ಆಗುತ್ತಿರಲಿಲ್ಲವಲ್ಲ.

ಇನ್ನು ನಿಮಗೆ ಸಹಿ ಕೇಳುವುದಿಲ್ಲ. ಕೆಲಸದವರು ಆಗಲೇ ಬೇರೆ ಕಡೆ ಹೋದರು. ಮರಗಳು ಬೆಳೆಯುತ್ತಿವೆ.

ರೇಣು


ಹಡಪಸರ ಮಿಲ್ಲಿನಿಂದ
೧೧ ಮೇ ೨೦೨೫

ರೇಣೂಗೆ,

ನೀನು ಜನವರಿಯಲ್ಲಿ ಬರೆದ ಕಾಗದ ಬಂತು. ಓದಿದೆ, ಮಡಚಿದೆ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಚನ್ನಬಸವ್ವ ಅಂಗಿ ಒಗೆಯುವಾಗ ತೆಗೆದು ಇನ್ನೊಂದು ಅಂಗಿಯ ಜೇಬಿಗೆ ಇಡುತ್ತಾಳೆ.

ಇವತ್ತು ಬರೆಯುತ್ತಿರುವುದು ಬೇರೆ ವಿಷಯ. ಹೋದ ವಾರ ನಿಮ್ಮ ದೇಶದ ದಿಮ್ಮಿಗಳ ಲಾರಿ ಬಂತು. ಲೈಟ್ ಹೋಗಿ ಮಿಶನ್ನು ನಿಂತಿತ್ತು. ಸುಮ್ಮನೆ ಕೂತವನು ಎದುರಿಗಿದ್ದ ದಿಮ್ಮಿಯ ತುದಿ ನೋಡಿದೆ. ವರ್ಷಕ್ಕೊಂದು ಸುತ್ತು ಇರುತ್ತದಲ್ಲ, ಒಳಗಿನ ಏಳೆಂಟು ಸುತ್ತು ಬೆರಳಗಲ, ಆಮೇಲಿನವೆಲ್ಲ ಕೂದಲೆಳೆ. ಅದರ ಪಕ್ಕದ ದಿಮ್ಮಿಯಲ್ಲಿ ಏಳು ಸುತ್ತಾದ ಮೇಲೆ ಒಂದೆರಡು ಸಣ್ಣವು, ಅಲ್ಲಿಂದ ಮತ್ತೆ ಬೆರಳಗಲ. ಇಪ್ಪತ್ತಾರನೆಯದರವರೆಗೂ ಹಾಗೇ.

"ಹಣಮಂತ್ರಾಯಾ, ಇಲ್ಲಿ ಬಾರಲೇ" ಎಂದೆ. "ಇದರ ಬಾಜೂಕಿನ ಗಿಡಾ ಯಾರೋ ಕಡದಾರ ನೋಡು."

ಅವನು ಬಗ್ಗಿ ನೋಡಿದ. ಒಂದರ ಮೇಲೆ ಕೈಯಿಟ್ಟ, ಇನ್ನೊಂದರ ಮೇಲೆ ಕೈಯಿಟ್ಟ. ಆಮೇಲೆ ನನ್ನ ಮುಖ ನೋಡಿ ಬಾಯಿ ದೊಡ್ಡದು ಮಾಡಿ ಹೇಳಿದ, "ಮಾಂತಪ್ಪಾರು ಇದನ್ನ ಹೇಳತಿದ್ರಲ್ರಿ, ಸಾವಕಾರ್ರ."

ನಾವಿಬ್ಬರೂ ಮಧ್ಯಾಹ್ನದವರೆಗೆ ಅಂಗಳದ ಎಲ್ಲ ದಿಮ್ಮಿಗಳ ತುದಿ ನೋಡಿದೆವು. ನಲವತ್ತೈದು ವರ್ಷ ಇವನ್ನು ಕೊಯ್ದಿದ್ದೇನೆ, ತುದಿಗೆ ಟೇಪು ಹಿಡಿದು ಅಳತೆ ತೆಗೆದಿದ್ದೇನೆ, ಒಂದು ದಿನವೂ ಓದಲಿಲ್ಲ. ನನ್ನ ಮಗ ಹೇಳಿದ್ದು ಖರೆ ಇತ್ತು. ನಾನು ಸುಮ್ಮನೆ ಸಿಟ್ಟು ಮಾಡಿದೆ.

ಸಹಿ ಮಾಡಿ ಕೊರಿಯರಿಗೆ ಹಾಕಿಸಿದ್ದೇನೆ. ಕಡಿ. ಹೇಗೆ ಬೇಕೋ ಹಾಗೆ ಕಡಿ. ಅವತ್ತು ಸಂಜೆ ಮನೆಗೆ ಪೇಢೆ ಒಯ್ದೆ. "ಏನ್ ಆತ್ರಿ ಇವತ್ತ?" ಎಂದಳು ಚನ್ನಬಸವ್ವ. "ಮಾಂತೂನ ಜೋಡಿ ರಾಜಿ ಆತು" ಎಂದೆ. ಅವಳು ನಗುತ್ತ ಅತ್ತಳು. ಐದು ವರ್ಷದಲ್ಲಿ ನನ್ನ ಎದೆ ಇಷ್ಟು ಹಗುರ ಆದದ್ದು ಇದೇ ಮೊದಲು.

ಮುರುಗೆಪ್ಪ


ನ್ಯೂಜಿಲೆಂಡ್
೨ ಜೂನ್ ೨೦೨೫

ಮಾವನವರಿಗೆ,

ಸಹಿ ಬಂತು. ಜುಲೈ ಮೊದಲ ವಾರಕ್ಕೆ ಕೆಲಸದವರು ಸಿಕ್ಕಿದ್ದಾರೆ. ಉಳಿಸುವ ಮರಗಳನ್ನು ನಾನೇ ಆರಿಸುತ್ತೇನೆ, ನೆಟ್ಟಗಿರುವುದನ್ನೇ ಆರಿಸುತ್ತೇನೆ.

ಪೇಢೆಯಲ್ಲಿ ನನ್ನದೊಂದು ಪಾಲು ಇತ್ತೆಂದು ಅತ್ತೆಯವರಿಗೆ ಹೇಳಿ. ನಿಮ್ಮ ಕಾಗದವನ್ನು ಮಾಂತುವಿನ ಡೈರಿಯಲ್ಲೇ ಇಟ್ಟಿದ್ದೇನೆ.

ರೇಣು


ನ್ಯೂಜಿಲೆಂಡ್
೨೭ ಅಕ್ಟೋಬರ್ ೨೦೨೫

ಮಾಧುರಿ,

ಇದನ್ನು ಪ್ರಿಂಟ್ ತೆಗೆಯಬೇಡ. ಮಾವನವರಿಗೆ ತೋರಿಸಬೇಡ.

ಗುರುವಾರ ಬಿರುಗಾಳಿ ಬಂತು. ಬೆಳಗ್ಗೆ ಹತ್ತಕ್ಕೆ ಶುರುವಾಗಿ ಸಂಜೆಗೆ ನಿಂತಿತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಗುಡ್ಡದ ನೆತ್ತಿಯ ಸಾಲು ಮೊದಲು ಹೋಯಿತು, ಆಮೇಲೆ ಒಂದರ ಹಿಂದೆ ಒಂದು. ಮಾಂತು ಹಚ್ಚಿದ ನಲವತ್ತು ಎಕರೆಯಲ್ಲಿ ತಗ್ಗಿನ ಅಂಚಿನಲ್ಲಿ ಒಂದಿಷ್ಟು ಉಳಿದಿವೆ, ಅಷ್ಟೇ. ಮಿಕ್ಕವೆಲ್ಲ ಬೇರು ಮೇಲೆ ಮಾಡಿ ಒಂದೇ ದಿಕ್ಕಿಗೆ ಬಿದ್ದಿವೆ. ಹಿಂದಿನವರು ಬೆಳೆಸಿದ ಹಳೆಯ ಮರಗಳಿಗೆ ಏನೂ ಆಗಿಲ್ಲ.

ನನಗೆ ಗೊತ್ತಿತ್ತು ಮಾಧುರಿ. ಸಹಿ ಬಂದಾಗ ಮರ ನಲವತ್ತೈದು ಅಡಿ ದಾಟಿತ್ತು. ಕೆಲಸದ ಮೇಸ್ತ್ರಿ ನೋಡಿ, ಈಗ ಮುಟ್ಟಬೇಡ, ಹೀಗೇ ಬಿಡು, ದಿಮ್ಮಿ ಸಣ್ಣದಾದರೂ ಮರ ಉಳಿಯುತ್ತದೆ ಎಂದ. ಎರಡು ದಿನ ಯೋಚನೆ ಮಾಡಿದೆ. ಮಾವನವರಿಗೆ ಏನೆಂದು ಬರೆಯಲಿ? ಮಗನ ಜೋಡಿ ರಾಜಿ ಆಯಿತು ಎಂದು ಪೇಢೆ ಹಂಚಿದ ಮನುಷ್ಯನಿಗೆ ನಿಮ್ಮ ಸಹಿ ತಡವಾಯಿತು ಎಂದು ಹೇಳಲೇ? ನನ್ನಿಂದ ಆಗಲಿಲ್ಲ. ಗಾಳಿ ಒಂದು ವರ್ಷ ಸುಮ್ಮನಿದ್ದರೆ ಬೇರು ಗಟ್ಟಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಕಡಿಸಿದೆ.

ಈಗ ಅವರಿಗೆ ಒಂದು ಫೋಟೊ ಬೇಕಂತೆ, ನೀನೇ ಹೇಳಿದೆ. ಹಳೆಯ ಕಡೆಯ ಮರಗಳದ್ದು ತೆಗೆದು ಕಳಿಸುತ್ತೇನೆ. ಅವರು ಈ ಕಾಡಿಗೆ ಬಂದೇ ಇಲ್ಲ, ಗೊತ್ತಾಗುವುದಿಲ್ಲ. ನೀನೂ ಬಾಯಿ ಬಿಡಬೇಡ. ಇಷ್ಟು ವರ್ಷ ನನ್ನ ಮತ್ತು ಮಾವನವರ ನಡುವೆ ನಿಂತು ಎಷ್ಟೋ ನುಂಗಿದ್ದೀಯ, ಇದೊಂದನ್ನೂ ನುಂಗು.

ರೇಣು


ನ್ಯೂಜಿಲೆಂಡ್
೯ ನವೆಂಬರ್ ೨೦೨೫

ಮಾವನವರಿಗೆ,

ಕೇಳಿದ ಫೋಟೊ ಕಳಿಸಿದ್ದೇನೆ. ಸಂದು ಬಿಡಿಸಿದ ಮೇಲೆ ಮರಗಳಿಗೆ ಒಳ್ಳೆಯ ಬಿಸಿಲು ಬೀಳುತ್ತಿದೆ. ಎಲ್ಲ ಚೆನ್ನಾಗಿ ನಿಂತಿವೆ.

ಅತ್ತೆಯವರಿಗೆ ತೋರಿಸಿ.

ರೇಣು


ಬಿಬವೇವಾಡಿ
೨೧ ಡಿಸೆಂಬರ್ ೨೦೨೫

ಮಗಳೇ,

ಫೋಟೊ ಬಂತು. ಮಾಧುರಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಳು. ಚನ್ನಬಸವ್ವ ಅದನ್ನು ಪಡಸಾಲೆಯಲ್ಲಿ, ಮಾಂತುವಿನ ಫೋಟೊದ ಕೆಳಗೆ ತೂಗುಹಾಕಿದ್ದಾಳೆ. ಬಂದವರಿಗೆಲ್ಲ "ನಮ್ಮ ಮಾಂತು ಹಚ್ಚಿದ ಗಿಡಾರಿ" ಎಂದು ತೋರಿಸುತ್ತಾಳೆ. ಪೇಪರಿನವನಿಗೂ ತೋರಿಸಿ ಆಯಿತು.

ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ರೇಣು, ಜೀವಂತ ಮರ ನನಗೆ ಗೊತ್ತಿಲ್ಲ, ಒಪ್ಪಿದೆ. ಆದರೆ ತೊಗಟೆ ಗೊತ್ತು. ಎಂಥೆಂಥ ದಪ್ಪದ ದಿಮ್ಮಿ ತೊಗಟೆ ಸಮೇತ ನನ್ನ ಅಂಗಳಕ್ಕೆ ಬಂದಿಲ್ಲ? ಎಂಟು ವರ್ಷದ ಪೈನಿಗೆ ಹಾಗೆ ಒಡೆದು ಸೀಳು ಬಿಟ್ಟ ತೊಗಟೆ ಇರುವುದಿಲ್ಲ. ಅದು ಇಪ್ಪತ್ತು ದಾಟಿದ ಮರ.

ಮಾಧುರಿಯನ್ನು ಕೂಡಿಸಿಕೊಂಡು ಕೇಳಿದೆ. ಅವಳು ಅತ್ತಳು. ಕಿವುಡನಿಗೆ ಅಷ್ಟು ಸಾಕು. ನಿನ್ನ ಮಾರ್ಚಿನ ಮೊದಲ ಕಾಗದ ತೆಗೆಸಿ ಮತ್ತೆ ಓದಿದೆ. ನಲವತ್ತು ಅಡಿಯೊಳಗೆ ಎಂದು ಬರೆದಿದ್ದೆ. ತಡಮಾಡಿದರೆ ಬೀಳುತ್ತವೆ ಎಂದೂ ಬರೆದಿದ್ದೆ. ನಾನು ಹದಿನಾಲ್ಕು ತಿಂಗಳು ತೆಗೆದುಕೊಂಡೆ. ಕಡಿಯಬೇಡ ಎಂದು ನಾನೇ ಅವನ್ನು ಕೆಡವಿದೆ, ಗಾಳಿಯ ಮೇಲೆ ಹಾಕುವುದು ಬೇಡ. ನಿನ್ನ ಮೇಲಂತೂ ಬೇಡವೇ ಬೇಡ. ನನಗೆ ನೋವಾದೀತೆಂದು ನೀನು ಸುಮ್ಮನಿದ್ದೆ. ನನಗೆ ಈಗ ಆಗಿರುವ ನೋವನ್ನು ಹೇಗೆ ಹೇಳಲಿ, ಬರೆಯಲು ಬರುವುದಿಲ್ಲ. ಮಿಲ್ಲಿಗೆ ಎಂಟು ದಿನದಿಂದ ಹೋಗಿಲ್ಲ.

ಚನ್ನಬಸವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಫೋಟೊ ಅಲ್ಲೇ ಇರಲಿ. ಇನ್ನೊಂದು ಕಳಿಸಬೇಡ.

ಕರಾರಿನಿಂದ ನನ್ನ ಹೆಸರು ತೆಗೆಸುವ ಕಾಗದಕ್ಕೆ ವಕೀಲರ ಮುಂದೆ ಸಹಿ ಮಾಡಿದೆ. ಬಿದ್ದದ್ದನ್ನು ಎತ್ತುವುದು, ಮತ್ತೆ ಹಚ್ಚುವುದು, ಇಲ್ಲವೇ ಎಲ್ಲ ಮಾರಿ ಬೇರೆ ಬದುಕು ನೋಡಿಕೊಳ್ಳುವುದು ನಿನ್ನ ಇಷ್ಟ. ನನ್ನನ್ನು ಕೇಳುವ ಕೆಲಸ ಇಲ್ಲ.

ಮಲಗಿಸಿದೆ ಎಂದು ನಿನಗೆ ಬರೆದೆನಲ್ಲ, ಆ ಮಾತು ತಪ್ಪು. ನಾನು ಅಲ್ಲಿದ್ದರೂ ಐದನೆಯ ದಿನಕ್ಕೆ ನಿನ್ನಂತೆಯೇ ಸಾಕು ಅನ್ನುತ್ತಿದ್ದೆ. ನಾಲ್ಕು ದಿನ ತಾಳುತ್ತಿದ್ದೆನೋ ಇಲ್ಲವೋ. ಅವನ ಬೆರಳು ಮಡಚಲು ನಿನ್ನ ಹಾಗೆ ಕೂರುತ್ತಿದ್ದೆನೋ ಇಲ್ಲವೋ.

ಮಣ್ಣು ಕೊಟ್ಟು ಬಂದ ಮನೆಯಲ್ಲಿ ನಮ್ಮವರು ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ತರುತ್ತಾರೆ. ಆ ಕರೋನಾದ ದಿನದಲ್ಲೂ ಕೆಳಗಿನ ಮನೆಯ ವಸಂತಿ ಬಾಗಿಲಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟು ಬೆಲ್ ಒತ್ತಿ ಹೋದಳು. ನಾನು ಎರಡು ರೊಟ್ಟಿ ತಿಂದೆ. ಅವತ್ತು ನೀನು ಸ್ಮಶಾನದಿಂದ ಮನೆಗೆ ಬಂದ ಮೇಲೆ ನಿನಗೆ ಯಾರು 'ಉಣ್ಣು ಬಾ' ಅಂದರು? ನಾಲ್ಕೂವರೆ ವರ್ಷ ಆಯಿತು, ನಾನು ಕೇಳಿಯೇ ಇಲ್ಲ. ಬರಿ.

ನಿನ್ನ ದಾರಿ ಕಾಯುವ
ಮುರುಗೆಪ್ಪ